ಚೀಟಿಯಲ್ಲೊಂದು ಪ್ರಶ್ನೆ ಇರಲಿ

ಅಳಿಯಾ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ನಡುವೆ ಬಾಯಿ ಹಾಕಿದರೆ ‘ಮಾವ ಶುರು ಹಚ್ಕೊಂಡ್ರು’ ಅನ್ನುತ್ತೀಯ ಅಂತ, ಮೂರು ಪ್ರಶ್ನೆ ಕೇಳಿದ್ದು ಬಿಟ್ಟರೆ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು ಬರೆಯಲು ಕೂತಿದ್ದೇನೆ.

ನೀನು ಆಫೀಸಿನ ಊಟದ ಬಿಡುವಿನಲ್ಲಿ ಆಪ್ ತೆರೆದೆ, ದುಡ್ಡು ಕಟ್ಟಿದೆ, ಸಾಗರದ ಹತ್ತಿರದ ಹಳ್ಳಿಯಲ್ಲಿದ್ದ ನಿಮ್ಮಮ್ಮನನ್ನು ಕರೆಗೆ ಸೇರಿಸಿಕೊಂಡೆ. ಆರು ನಿಮಿಷದಲ್ಲಿ ಡಾಕ್ಟರಿಗೆ ತೋರಿಸಿ ಆಯಿತು. ಮೊಬೈಲಿಗೆ ಬಂದ ಹಾಳೆಯಲ್ಲಿ ಒಂದು ವಿಟಮಿನ್ ಮಾತ್ರೆ, ಅದರ ಕೆಳಗೆ ‘ತಜ್ಞರನ್ನು ಕಾಣಿ’ ಎಂಬ ಒಂದು ಸಾಲು. ಯಾವ ತಜ್ಞರು ಅಂತ ನಾನು ಕೇಳಿದೆ. ‘ನರದ ಡಾಕ್ಟರು ಇರಬೇಕು ಮಾವ’ ಅಂದೆ. ಯಾಕೆ ಅಂತ ಕೇಳಿದೆ. ‘ಅದು ಹೇಳಲಿಲ್ಲ’ ಅಂದೆ. ಎಷ್ಟು ದಿನದೊಳಗೆ ಅಂತ ಕೇಳಿದ್ದಕ್ಕೆ ನೀನು ಮಾತೇ ಆಡಲಿಲ್ಲ.

ನೀನು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ನಿಮ್ಮಮ್ಮ ತಾನಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವವಳಲ್ಲ. ಅವಳು ನನ್ನ ತಂಗಿ, ನನಗೆ ಗೊತ್ತಿಲ್ಲವೇ? ಅವಳನ್ನು ಒಬ್ಬ ಡಾಕ್ಟರ ಮುಂದೆ ಕೂರಿಸಿದೆಯಲ್ಲ, ಅಷ್ಟಾದರೂ ಆಯಿತು. ಆದರೆ ಮನೆಯಲ್ಲೇ ಕೂತು ಡಾಕ್ಟರನ್ನು ಕಂಡು, ಅಲ್ಲಿಂದ ದೊಡ್ಡ ಡಾಕ್ಟರಿಗೆ ಚೀಟಿ ಬರೆಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ನಾನು ಡಾಕ್ಟರಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿಯ ಹಿಂದೆ 31 ವರ್ಷ ಕೂತವನು. ಸರ್ಕಾರದ ಕಾಗದದಲ್ಲಿ ಫಾರ್ಮಸಿಸ್ಟ್, ಜನರ ಬಾಯಲ್ಲಿ ಕೊನೆಯವರೆಗೂ ಕಾಂಪೌಂಡರ್ರು. ಆ ಕಿಟಕಿಯಿಂದ ಎಷ್ಟು ಚೀಟಿ ನೋಡಿದೆನೋ ಲೆಕ್ಕವಿಲ್ಲ. ಅದರಲ್ಲಿ ಎರಡು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ.

ಒಂದು, ನಡೆಯುವಾಗ ಕಾಲು ತಡವರಿಸುತ್ತಿದ್ದ ಒಬ್ಬ ರೈತನದ್ದು. ಯಾರೋ ಅವಸರದಲ್ಲಿ ‘ದೊಡ್ಡಾಸ್ಪತ್ರೆಗೆ ರೆಫರ್’ ಅಂತಷ್ಟೇ ಗೀಚಿ ಕೊಟ್ಟಿದ್ದರು. ಅವನು ಪಟ್ಟಣಕ್ಕೆ ಹೋದ. ಒಂದು ದಿನ ಮೂಳೆಯವರ ಸಾಲಿನಲ್ಲಿ ನಿಂತ, ಇನ್ನೊಂದು ದಿನ ನರದವರ ಸಾಲಿನಲ್ಲಿ. ಮೂರನೆಯ ದಿನ ಕೈಯಲ್ಲಿದ್ದ ದುಡ್ಡು ಮುಗಿದು, ಯಾವ ಉತ್ತರವೂ ಇಲ್ಲದೆ ವಾಪಸು ಬಂದು ನನ್ನ ಕಿಟಕಿಯ ಮುಂದೆ ನಿಂತ. ಇನ್ನೊಂದು, ಒಬ್ಬ ಅಜ್ಜ ಎಲೆಅಡಿಕೆ ಸಂಚಿಯಲ್ಲಿ ಮಡಚಿಟ್ಟುಕೊಂಡಿದ್ದ ಚೀಟಿ. ಸುಣ್ಣ ತಾಗಿ ಒಂದು ಮೂಲೆ ಕರಗಿಹೋಗಿತ್ತು. ನಮ್ಮ ಡಾಕ್ಟರು ಅದರಲ್ಲಿ ಬರೆದದ್ದು ನಾಲ್ಕೇ ಸಾಲು: ಏನು ತೊಂದರೆ, ಎಷ್ಟು ದಿನದಿಂದ, ಇಲ್ಲಿ ಏನೇನು ಮಾಡಿ ನೋಡಿದೆವು, ಈಗ ನಮಗೆ ಗೊತ್ತಾಗದೆ ಉಳಿದಿರುವುದು ಏನು. ಅಜ್ಜ ಹಿಂದಿರುಗಿ ಬಂದು ಹೇಳಿದ, ‘ಅಲ್ಲಿಯ ಡಾಕ್ಟರು ನಿಂತುಕೊಂಡೇ ಓದಿ ಒಳಗೆ ಕರೆದರು ಕಣಪ್ಪ.’

ಎರಡೂ ಚೀಟಿಯೇ. ಮೊದಲನೆಯದರಲ್ಲಿ ಪ್ರಶ್ನೆಯೇ ಇರಲಿಲ್ಲ. ರೆಫರಲ್ ಚೀಟಿ ಎಂದರೆ ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಕೇಳುವ ಪ್ರಶ್ನೆ. ಪ್ರಶ್ನೆಯಿಲ್ಲದ ಚೀಟಿ ಹಿಡಿದು ಹೋದವನು ಮೊದಲಿಂದ ಕಥೆ ಶುರು ಮಾಡಬೇಕು, ಅದೂ ಸರಿಯಾದ ಬಾಗಿಲು ಸಿಕ್ಕರೆ. ನಿನಗೆ ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಆ ಪ್ರಶ್ನೆಯನ್ನು ಆರು ನಿಮಿಷದೊಳಗೆ ಚೀಟಿಗೆ ಇಳಿಸುವುದು ಹೇಗೆ ಎನ್ನುವುದರ ವಿವರ.

ನಿನ್ನ ಫೋನು ಬಂದ ಮರುದಿನ ಬೆಳಿಗ್ಗೆ ನಾನು ನಿಮ್ಮಮ್ಮನಿಗೆ ಫೋನು ಮಾಡಿದೆ. ನೀನು ಡಾಕ್ಟರಿಗೆ ಹೇಳಿದ್ದು ‘ಅಮ್ಮನಿಗೆ ಕೈ ಜೋಮು ಹಿಡಿಯುತ್ತೆ, ಶುಗರ್ ಇದೆ’ ಅಂತ. ನಾನು ಕಾಲು ಗಂಟೆ ಸುಮ್ಮನೆ ಅವಳು ಹೇಳಿದ್ದನ್ನು ಕೇಳಿದೆ. ಎಷ್ಟೆಲ್ಲ ಹೊರಗೆ ಬಂತು ನೋಡು. ಜೋಮು ಹಿಡಿಯುವುದು ಬಲಗೈ ಮಾತ್ರ. ಅದರಲ್ಲೂ ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಏನೂ ಇಲ್ಲ. ಹಗಲಿಗಿಂತ ರಾತ್ರಿ ಜಾಸ್ತಿ. ನಿದ್ದೆಯಿಂದ ಎದ್ದು ಕೈ ಕೊಡವಿದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದಂತೆ. ಕೊನೆಕೊಯ್ಲು ಶುರುವಾಗಿ, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು ತೊಡಗಿದ ಮೇಲೆ ಜಾಸ್ತಿಯಾಗಿದೆ. ಹೋದ ವಾರ ಎರಡು ಸಲ ಲೋಟ ಕೈಜಾರಿತಂತೆ. ಇದನ್ನು ನಿನಗೆ ಹೇಳಿಲ್ಲ, ‘ಮಗ ಗಾಬರಿಯಾಗ್ತಾನೆ’ ಅಂತ.

ಈ ಒಂದೊಂದು ಮಾತೂ ಡಾಕ್ಟರಿಗೆ ದಾರಿ ತೋರಿಸುತ್ತದೆ. ಹೆಬ್ಬೆರಳಿನ ಕಡೆಯ ಮೂರು ಬೆರಳಿಗೆ ಹೋಗುವ ನರ ಮಣಿಕಟ್ಟಿನ ಇಕ್ಕಟ್ಟಾದ ಸಂದಿಯಲ್ಲಿ ಹಾದುಹೋಗುತ್ತದೆ. ಅಲ್ಲಿ ಅದು ಒತ್ತಿಕೊಂಡರೆ ಹೀಗೇ ರಾತ್ರಿ ಜೋಮು ಬರುತ್ತದೆ. ಅದನ್ನು ಕಾರ್ಪಲ್ ಟನಲ್ ತೊಂದರೆ ಅನ್ನುತ್ತಾರೆ. ಕಿರುಬೆರಳಿನ ಕಡೆ ಜೋಮಾದರೆ ಮೊಣಕೈಯ ಹತ್ತಿರದ ಬೇರೆ ನರದ ಮೇಲೆ ಅನುಮಾನ. ಎರಡೂ ಕಾಲಿನ ಪಾದ ಮರಗಟ್ಟಿದರೆ ಸಕ್ಕರೆ ಕಾಯಿಲೆಯಿಂದ ನರ ಸೊರಗಿರಬಹುದು. ಕತ್ತಿನಿಂದ ತೋಳಿಗೆ ಎಳೆದ ಹಾಗೆ ನೋವಿದ್ದರೆ ಕತ್ತಿನ ಮೂಳೆ ನೋಡಬೇಕು. ಥೈರಾಯ್ಡ್ ಕಡಿಮೆಯಾದರೂ ಹೀಗಾಗಬಹುದು, ಬಿ12 ಕಡಿಮೆಯಾದರೂ ಆಗಬಹುದು. ನಿಮ್ಮಮ್ಮ ವರ್ಷಗಳಿಂದ ನುಂಗುತ್ತಿರುವುದು ಮೆಟ್‌ಫಾರ್ಮಿನ್ ಮಾತ್ರೆ. ಅದನ್ನು ಬಹಳ ಕಾಲ ತೆಗೆದುಕೊಂಡ ಕೆಲವರಲ್ಲಿ ಬಿ12 ಇಳಿಯುತ್ತದೆ. ನೀನು ‘ಶುಗರ್ ಮಾತ್ರೆ’ ಅಂದುಬಿಟ್ಟರೆ ಡಾಕ್ಟರಿಗೆ ಆ ಎಳೆ ಸಿಗುವುದು ಹೇಗೆ? ಮಾತ್ರೆಯ ಪಟ್ಟಿಯನ್ನೇ ಕ್ಯಾಮೆರಾಕ್ಕೆ ಹಿಡಿ. ಹೆಸರು, ಮಿಲಿಗ್ರಾಂ ಎರಡೂ ಕಾಣಲಿ.

ಇದನ್ನೆಲ್ಲ ಓದಿ ‘ಮಾವ ಕಾಯಿಲೆ ಕಂಡುಹಿಡಿದರು’ ಅಂತ ಯಾರಿಗೂ ಹೇಳಬೇಡ. ಕಂಡುಹಿಡಿಯುವುದು ನನ್ನ ಕೆಲಸವಲ್ಲ, ನಿನ್ನದೂ ಅಲ್ಲ. ಕಂಡುಹಿಡಿಯಲು ಬೇಕಾದದ್ದನ್ನು ಡಾಕ್ಟರ ಮುಂದೆ ಇಡುವುದಷ್ಟೇ ನಮ್ಮ ಕೆಲಸ. ಎದುರಿಗೆ ಕೂತಿದ್ದರೆ ಅವರು ಕೈ ಹಿಡಿದು ನೋಡುತ್ತಿದ್ದರು, ಮಣಿಕಟ್ಟನ್ನು ಬೆರಳಿಂದ ತಟ್ಟುತ್ತಿದ್ದರು, ಹೆಬ್ಬೆರಳಿನ ಬುಡದ ಮಾಂಸ ಕರಗಿದೆಯೇ ಅಂತ ಒತ್ತಿ ನೋಡುತ್ತಿದ್ದರು. ಫೋನಿನಲ್ಲಿ ಆ ಕೈಯಿಲ್ಲ. ಅದಕ್ಕೇ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊ: ತೊಂದರೆ ಎಲ್ಲಿ, ಯಾವಾಗಿನಿಂದ, ಯಾವಾಗ ಜಾಸ್ತಿ, ಯಾವಾಗ ಕಡಿಮೆ, ಏನು ಮಾಡಲು ಆಗುತ್ತಿಲ್ಲ, ಯಾವ ಮಾತ್ರೆ, ಯಾವುದಕ್ಕೆ ಅಲರ್ಜಿ, ಹಿಂದಿನ ರಕ್ತಪರೀಕ್ಷೆಯ ತಾರೀಖು ಮತ್ತು ಅಂಕಿ.

ಕರೆ ವಿಡಿಯೊದಲ್ಲೇ ಇರಲಿ, ಬೆಳಕು ಅವಳ ಮುಖದ ಮೇಲೂ ಕೈಯ ಮೇಲೂ ಬೀಳಲಿ. ಡಾಕ್ಟರಿಗೆ ಮನಸ್ಸಿದ್ದರೆ ವಿಡಿಯೊದಲ್ಲೂ ಒಂದಷ್ಟು ಪರೀಕ್ಷೆ ಮಾಡಿಸಬಹುದು. ಎರಡೂ ಮಣಿಕಟ್ಟನ್ನು ಕೆಳಗೆ ಬಗ್ಗಿಸಿ, ಅಂಗೈಯ ಹಿಂಬದಿ ಒಂದಕ್ಕೊಂದು ತಾಗಿಸಿ ಒಂದು ನಿಮಿಷ ಹಿಡಿ ಅಂತ ಹೇಳಿ, ಆಗ ಜೋಮು ಬರುತ್ತದೆಯೇ ಅಂತ ಕೇಳುವುದುಂಟು. ಮಾತು ಮಾತ್ರ ಅವಳದ್ದೇ ಆಗಿರಲಿ. ನೀನು ಅವಳ ಪರವಾಗಿ ಇಂಗ್ಲಿಷಿನಲ್ಲಿ ಹೇಳಿದರೆ ‘ಕೈ ಕೊಡವಿದರೆ ಸರಿಯಾಗುತ್ತೆ’ ಎಂಬಂಥ ಮಾತು ನಡುವೆ ಬಿದ್ದುಹೋಗುತ್ತದೆ. ಕನ್ನಡ ಬಲ್ಲ ಡಾಕ್ಟರನ್ನು ಹುಡುಕುವುದಕ್ಕೆ ಐದು ನಿಮಿಷ ಹೆಚ್ಚು ಹೋದರೂ ಹೋಗಲಿ.

ಕರೆ ಮುಗಿಸುವ ಮುಂಚೆ ನಾಲ್ಕು ಮಾತು ಕೇಳು, ನಾಚಿಕೆ ಬೇಡ. ಯಾವ ವಿಭಾಗದ ತಜ್ಞರು? ಯಾವ ಅನುಮಾನಕ್ಕೆ ಕಳಿಸುತ್ತಿದ್ದೀರಿ? ಎಷ್ಟು ದಿನದೊಳಗೆ ಹೋಗಬೇಕು, ಅಷ್ಟರೊಳಗೆ ಏನು ಕಂಡರೆ ಕಾಯದೆ ಓಡಬೇಕು? ಹೋಗುವ ಮುಂಚೆ ಇಲ್ಲೇ ಮಾಡಿಸಿಕೊಳ್ಳಬಹುದಾದ ಪರೀಕ್ಷೆ ಯಾವುದು? ಆಮೇಲೆ, ‘ಇದನ್ನೇ ನಾಲ್ಕು ಸಾಲಿನಲ್ಲಿ ಬರೆದುಕೊಡಿ ಸರ್’ ಅನ್ನು. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮಮ್ಮನ ಚೀಟಿ ಹೆಚ್ಚುಕಡಿಮೆ ಹೀಗಿರಬೇಕಿತ್ತು: ‘ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವ ಹೆಂಗಸು. 3 ತಿಂಗಳಿಂದ ಬಲಗೈಯ ಮೊದಲ ಮೂರು ಬೆರಳಿಗೆ ರಾತ್ರಿ ಜೋಮು, ಈಚೆಗೆ ವಸ್ತು ಕೈಜಾರುತ್ತಿದೆ. ಸಕ್ಕರೆಯ 3 ತಿಂಗಳ ಸರಾಸರಿ, ಥೈರಾಯ್ಡ್, ಬಿ12 ಪರೀಕ್ಷೆ ಹೇಳಿದ್ದೇನೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯೇ, ನರಗಳ ವೇಗದ ಪರೀಕ್ಷೆ ಬೇಕೇ, ದಯವಿಟ್ಟು ನೋಡಿ ತಿಳಿಸಿ.’ ಇಷ್ಟಿದ್ದರೆ ಅವಳನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕೇ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸಾಕೇ ಅಂತ ನೀನೇ ಯೋಚಿಸಬಹುದಿತ್ತು. ನಾಲ್ಕೂರು ಸುತ್ತಿ ಬಂದ ಮೇಲೆ, ಮೊದಲು ಪಕ್ಕದ ಊರಿಗೆ ಹೋಗಬೇಕಿತ್ತು ಅಂತ ಗೊತ್ತಾಗುವವರೇ ಹೆಚ್ಚು.

ಫೋನಿನ ವೈದ್ಯಕ್ಕೆ ನಮ್ಮ ದೇಶದಲ್ಲಿ ನಿಯಮವೇ ಇಲ್ಲ ಅಂದುಕೊಳ್ಳಬೇಡ. ಕೊರೊನಾ ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದರ ಪ್ರಕಾರ ಡಾಕ್ಟರು ಕೊಡುವ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದ ಹಾಳೆಯನ್ನು ನಾನಂತೂ ಚೀಟಿ ಅನ್ನುವುದಿಲ್ಲ. ದೂರದಿಂದಲೇ ನೋಡಿದರೆ ಸಾಕೇ, ಎದುರಿಗೆ ಬರಬೇಕೇ ಎನ್ನುವುದನ್ನು ಡಾಕ್ಟರು ತಮ್ಮ ವಿವೇಕದಿಂದ ತೀರ್ಮಾನಿಸಬೇಕು. ರೋಗಿಯೇ ಬರುತ್ತೇನೆ ಅಂದರೂ ‘ಬೇಡ, ಫೋನಿನಲ್ಲೇ ನೋಡುತ್ತೇನೆ’ ಅಂತ ಹಟ ಹಿಡಿಯುವ ಹಾಗಿಲ್ಲ. ಕೊಟ್ಟ ಶುಲ್ಕಕ್ಕೆ ರಸೀದಿ ಕೊಡಬೇಕು. ಇನ್ನೊಂದು ಮಾತು ಆಪ್ ಬಳಸುವ ನಿನ್ನಂಥವರಿಗೆ: ಕೃತಕ ಬುದ್ಧಿಮತ್ತೆಯ ಯಂತ್ರ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಅಂತಲೂ ಅದರಲ್ಲಿ ಬರೆದಿದ್ದಾರೆ. ಡಾಕ್ಟರಿಗೆ ನೆರವಾಗಬಹುದು, ಅಷ್ಟೇ. ಕರೆಗೆ ಬಂದವರು ಮನುಷ್ಯರೇ, ಡಾಕ್ಟರೇ ಅಂತ ಖಾತ್ರಿ ಮಾಡಿಕೊಳ್ಳುವುದು ನಿನ್ನ ಹಕ್ಕು.

ದುಡ್ಡು ಕಟ್ಟಿಯೇ ನೋಡಿಸಬೇಕೆಂದೂ ಇಲ್ಲ. ಸರ್ಕಾರದ ಇ-ಸಂಜೀವಿನಿ ಇದೆ. 2019ರಲ್ಲಿ ಆರೋಗ್ಯ ಕೇಂದ್ರಗಳಿಗಾಗಿ ಶುರುವಾಗಿ, 2020ರ ಏಪ್ರಿಲ್‌ನಿಂದ ಮನೆಯಿಂದಲೂ ಬಳಸುವಂತಾಯಿತು. ಮೊಬೈಲ್ ನಂಬರ್ ಹಾಕಿ, ಒಟಿಪಿ ಕೊಟ್ಟು, ಟೋಕನ್ ತೆಗೆದುಕೊಂಡು ಸರದಿ ಬರುವವರೆಗೆ ಕಾಯಬೇಕು. ಪುಕ್ಕಟೆ. ನನಗೆ ಅದಕ್ಕಿಂತ ಹಿಡಿಸುವುದು ಅದರ ಇನ್ನೊಂದು ದಾರಿ. ನಿಮ್ಮೂರಿನ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ನಿಮ್ಮಮ್ಮ ನಡೆದು ಹೋದರೆ, ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ತಾವೇ ಡಾಕ್ಟರಿಗೆ ವಿಡಿಯೊ ಕರೆ ಹಚ್ಚಿ, ಪಕ್ಕದಲ್ಲಿ ಕೂತು ಮಾತಾಡಿಸುತ್ತಾರೆ. ಫೋನಿನಲ್ಲಿ ಇಲ್ಲದ ಕೈ ಅಂದೆನಲ್ಲ, ಅಲ್ಲಿ ಅದು ಸಿಗುತ್ತದೆ.

ಹೀಗೆ ದೂರದಿಂದ ನೋಡಿಸುವುದು ಇವತ್ತಿನ ಹೊಸ ಆಟವೂ ಅಲ್ಲ. 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಪರದೆಯ ಈಚೆ ಬದಿಯಲ್ಲೂ ರೋಗಿಯನ್ನು ಮುಟ್ಟಿ ನೋಡಿದ ಡಾಕ್ಟರೊಬ್ಬರು ಇರುತ್ತಿದ್ದರು. ತಜ್ಞರ ಮುಂದೆ ಪ್ರಶ್ನೆ ಇಡುತ್ತಿದ್ದವರು ಅವರು. ಈಗ ಫೋನು ನಮ್ಮ ಕೈಗೇ ಬಂದಿದೆ, ಹಾಗಾಗಿ ಆ ಕೆಲಸದ ಅರ್ಧ ಭಾರವೂ ನಮ್ಮ ಮೇಲೆ ಬಿದ್ದಿದೆ.

ಮೆಲ್ಬರ್ನ್‌ನಲ್ಲಿರುವ ನನ್ನ ಮಗಳು, ಚೀಟಿಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದನ್ನು ಕೇಳಿ ನಗುತ್ತಾಳೆ. ಅವಳ ಊರಿನಲ್ಲಿ ಚೀಟಿಯೇ ಬೀಗದ ಕೈ. ಮೊದಲು ಜಿಪಿ, ಅಂದರೆ ಸಾಮಾನ್ಯ ಡಾಕ್ಟರನ್ನು ಕಂಡು ರೆಫರಲ್ ತೆಗೆದುಕೊಳ್ಳದೆ ಹೋದರೆ, ತಜ್ಞರಿಗೆ ಕೊಟ್ಟ ಶುಲ್ಕಕ್ಕೆ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಿಂದ ತಜ್ಞರ ದರದ ಮರುಪಾವತಿ ಬರುವುದಿಲ್ಲ. ಜಿಪಿ ಕೊಟ್ಟ ಚೀಟಿ ಸಾಮಾನ್ಯವಾಗಿ ತಜ್ಞರನ್ನು ಮೊದಲು ಕಂಡ ದಿನದಿಂದ 12 ತಿಂಗಳು ನಡೆಯುತ್ತದೆ. ಹಿಂದಿನ ತಾರೀಖು ಹಾಕಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಹಾಗಿಲ್ಲ. ದುಡ್ಡಿದ್ದವನು ಯಾವ ತಜ್ಞರ ಬಾಗಿಲನ್ನಾದರೂ ನೇರವಾಗಿ ತಟ್ಟಬಹುದು. ಬಾಗಿಲು ತೆರೆದೇ ಇರುವುದರಿಂದ ಚೀಟಿಯ ಬೆಲೆ ನಮಗೆ ಗೊತ್ತಾಗಿಲ್ಲ.

ಆದರೆ ನಮ್ಮಲ್ಲೂ ಚೀಟಿ ಕೇಳುವ ಬಾಗಿಲುಗಳಿವೆ. ಇಎಸ್‌ಐ ಇದ್ದವರು ತಮ್ಮ ಔಷಧಾಲಯ ಅಥವಾ ಇಎಸ್‌ಐ ಆಸ್ಪತ್ರೆಯ ರೆಫರಲ್ ಇಲ್ಲದೆ ಹೊರಗಿನ ದೊಡ್ಡ ಆಸ್ಪತ್ರೆಗೆ ಹೋದರೆ ಬಿಲ್ಲು ತಲೆಯ ಮೇಲೆ ಬೀಳಬಹುದು. ನಿಮ್ಮ ಮನೆಗೆ ಮುಖ್ಯವಾದದ್ದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಪುಕ್ಕಟೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಆ ಚೀಟಿ ಬೇಡ. ಮೊಬೈಲಿಗೆ ಬಂದ ಆಪ್‌ನ ಹಾಳೆಯೇ ಸಾಕು ಅಂತ ನಂಬಿ ಆಪರೇಷನ್ ದಿನ ಗೊತ್ತು ಮಾಡಿಕೊಳ್ಳಬೇಡ. ಆ ಹಾಳೆ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸು. ಮೇಲೆ ಹೇಳಿದ ನಾಲ್ಕು ಸಾಲು ಅದರಲ್ಲಿದ್ದರೆ ಅಲ್ಲಿಯ ಡಾಕ್ಟರಿಗೂ ಕೆಲಸ ಹಗುರ.

ಇನ್ನು, ಆಪ್ ಮುಟ್ಟಲೇಬಾರದ ಹೊತ್ತುಗಳಿವೆ. ಇದೇ ಜೋಮು ದಿಢೀರನೆ ಒಂದು ಬದಿಯ ಕೈಕಾಲಿಗೆ ಬಂದು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎದೆ ಹಿಂಡಿದಂತಾಗಿ ಬೆವರಿದರೆ ಹೃದಯಾಘಾತವಿರಬಹುದು, ಆಗಲೂ ತಡ ಮಾಡುವಂತಿಲ್ಲ. ಆಗ ಟೋಕನ್ ತೆಗೆದುಕೊಂಡು ಸರದಿ ಕಾಯುತ್ತ ಕೂರಬೇಡ, 108ಕ್ಕೆ ಫೋನು ಮಾಡು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುವ ವ್ಯವಸ್ಥೆ ಆಗಿದೆ. ಅಲ್ಲಿ ಆ ಇಸಿಜಿಯೇ ಚೀಟಿ, ‘ಇದು ಹೃದಯಾಘಾತವೇ, ಇಂಜೆಕ್ಷನ್ ಕೊಡಲೇ’ ಎನ್ನುವುದೇ ಅದರ ಪ್ರಶ್ನೆ. ದೂರವೈದ್ಯ ಸರಿಯಾಗಿ ನಡೆಯುವುದೆಂದರೆ ಹೀಗೆ.

ತಜ್ಞರನ್ನು ಕಂಡು ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅವರು ಬರೆದ ಉತ್ತರವನ್ನು ಮೊದಲು ಕಳಿಸಿದ ಡಾಕ್ಟರಿಗೆ ತೋರಿಸು. ಅದೇ ತೊಂದರೆಗೆ ಅದೇ ಡಾಕ್ಟರನ್ನು 6 ತಿಂಗಳೊಳಗೆ ಮತ್ತೆ ಕಂಡರೆ ಅದನ್ನು ಮುಂದುವರಿದ ಭೇಟಿ ಅಂತ ಆ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಲೆಕ್ಕ ಹಾಕುತ್ತದೆ. ದಿನಕ್ಕೊಬ್ಬ ಹೊಸ ಡಾಕ್ಟರನ್ನು ಆಪ್‌ನಲ್ಲಿ ಬದಲಾಯಿಸುತ್ತ ಹೋದರೆ ನಿಮ್ಮಮ್ಮನ ಕಥೆ ಯಾರ ಹತ್ತಿರವೂ ಪೂರ್ತಿ ಇರುವುದಿಲ್ಲ. ಚೀಟಿ, ರಿಪೋರ್ಟು ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಹಾಕಿ ಅವಳ ಕೈಗೆ ಸಿಗುವಲ್ಲಿಡು. ಬರೀ ನಿನ್ನ ಮೊಬೈಲಿನಲ್ಲಿದ್ದರೆ, ನೀನು ಮೀಟಿಂಗಿನಲ್ಲಿರುವಾಗ ಅವಳು ಬರಿಗೈಯಲ್ಲಿ ಡಾಕ್ಟರ ಮುಂದೆ ಕೂರಬೇಕಾಗುತ್ತದೆ.

ಈಗ ಏನು ಮಾಡಬೇಕು ಅಂತ ಕೇಳುತ್ತೀಯ. ನಾಳೆ ಬೆಳಿಗ್ಗೆ ಅವಳು ಆರೋಗ್ಯ ಮಂದಿರಕ್ಕೆ ಹೋಗುತ್ತಾಳೆ, ಜೊತೆಗೆ ನಾನಿರುತ್ತೇನೆ. ಮೆಟ್ಟುಗತ್ತಿಗೆ ನಾಲ್ಕು ದಿನ ರಜೆ ಅಂತ ಹೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟಿದ್ದಳು, ಈಗ ಒಪ್ಪಿದ್ದಾಳೆ. ನೀನೂ ಹನ್ನೊಂದು ಗಂಟೆಗೆ ಫೋನಿನಲ್ಲಿ ಸೇರಿಕೊ. ಆದರೆ ಒಂದು ಕರಾರು. ಡಾಕ್ಟರು ‘ಏನಮ್ಮ ತೊಂದರೆ’ ಅಂತ ಕೇಳಿದಾಗ ನೀನು ಬಾಯಿ ಬಿಡಬಾರದು. ಅವಳು ಆ ಎರಡು ಲೋಟದ ವಿಷಯ ತಾನಾಗಿ ಹೇಳುವವರೆಗೂ ಸುಮ್ಮನೆ ಕೇಳಿಸಿಕೊ.

ನಿನ್ನ ಸೋದರಮಾವ